ಹನ್ನೆರಡು ಅಡಿಯ ದೋಣಿ ಯಾಕೆ ಬಂದ್ ಮಾಡಿದರು?

(ಹಾವೇರಿ ಜಿಲ್ಲೆಯ ಗಳಗನಾಥದ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ: "ವರದಾ ಬಂದು ತುಂಗಭದ್ರೆಗೆ ಕೂಡುವ ಕಡೆ ಮೀನು ಹಿಡಿಯುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ಹರಿಗೋಲು ಬಿಟ್ಟು 12 ಅಡಿಯ ಅಲ್ಯೂಮಿನಿಯಂ ದೋಣಿ ತಗೊಂಡೆ. ಈಗ ತಳದಿಂದ ನೀರು ಒಳಗೆ ಬರುತ್ತಿದೆ. ಎಂ-ಸೀಲ್ ಹಚ್ಚಿದೆ, ನಿಲ್ಲಲಿಲ್ಲ. ಕಂಪನಿಗೆ ಫೋನ್ ಮಾಡಿದರೆ ಆ ಮಾಡೆಲ್ ಬಂದ್ ಆಗಿದೆ, 16 ಅಡಿಯ ಎಂಜಿನ್ ದೋಣಿ ಇದೆ ಎಂದರು. ಜನ ಕೇಳುವ ದೋಣಿಯನ್ನೇ ಯಾಕೆ ನಿಲ್ಲಿಸುತ್ತಾರೆ? ಸಾಲ ಮಾಡಿ ದೊಡ್ಡದು ತಗೊಳ್ಳಲೇ?")

ಹಿರಿಯರೇ, ನಮಸ್ಕಾರ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈಗಲೇ ಸಾಲ ಮಾಡಬೇಡಿ. ತಗಡು ಹರಿದಿಲ್ಲ, ನೀರು ಜಿನುಗುವುದು ಜೋಡಿನ ಸಾಲಿನಲ್ಲಿ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ರಿವಿಟ್, ಅಂದರೆ ತಗಡು ಜೋಡಿಸಲು ಬಡಿದ ಮೊಳೆ, ಸಡಿಲಾಗಿರುತ್ತದೆ. ಅದು ರಿಪೇರಿ ಆಗುವ ಕೆಲಸ.

ಇನ್ನು ಯಾಕೆ ನಿಲ್ಲಿಸುತ್ತಾರೆ ಎಂಬುದು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಜನ ಕೇಳುತ್ತಾರೆ ಅಂದಮಾತ್ರಕ್ಕೆ ಕಂಪನಿಗೆ ಲಾಭ ಇದೆ ಅಂತಲ್ಲ. ಸಣ್ಣ ದೋಣಿಗೂ ತಗಡು ಕತ್ತರಿಸಬೇಕು, ಬಗ್ಗಿಸಬೇಕು, ನೂರಾರು ರಿವಿಟ್ ಹೊಡೆಯಬೇಕು. ಕೆಲಸ ಜಾಸ್ತಿ, ಉಳಿಯುವ ದುಡ್ಡು ಕಡಿಮೆ. ದೊಡ್ಡ ದೋಣಿಯ ಜೊತೆ ಎಂಜಿನ್, ಸೀಟು, ಟ್ರೈಲರ್ ಎಲ್ಲವೂ ಮಾರಾಟವಾಗುತ್ತವೆ. ಇನ್ನೊಂದು ಮಾತು. ಚೆನ್ನಾಗಿ ನೋಡಿಕೊಂಡ ಅಲ್ಯೂಮಿನಿಯಂ ದೋಣಿ ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಒಮ್ಮೆ ಕೊಂಡವರು ಮತ್ತೆ ಅಂಗಡಿಗೆ ಬರುವುದೇ ಇಲ್ಲ, ಅಲ್ವಾ?

ಇಂಥ ದೋಣಿಗಳು ಹೆಚ್ಚು ಓಡಾಡುವ ಅಮೆರಿಕದಲ್ಲೂ ಇದೇ ಕತೆ. ಯುದ್ಧವಿಮಾನ ಮಾಡುತ್ತಿದ್ದ ಗ್ರಮ್ಮನ್ ಕಂಪನಿ ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ವಿಮಾನದ ತಗಡಿನ ಕೌಶಲವನ್ನೇ ಬಳಸಿ ಕನೂ ಎಂಬ ಉದ್ದನೆಯ ಸಣ್ಣ ದೋಣಿ ಮಾಡಲು ಶುರು ಮಾಡಿತು. ಅದು ಮನೆಮಾತಾಯಿತು. ಮುಂದೆ ಆ ದೋಣಿ ವ್ಯಾಪಾರ ಔಟ್‌ಬೋರ್ಡ್ ಮರೀನ್ ಎಂಬ ಎಂಜಿನ್ ಕಂಪನಿಯ ಕೈಗೆ ಹೋಯಿತು. ಅವರು 1996ರಲ್ಲಿ ಕನೂ ನಿಲ್ಲಿಸಿದರು. ಕಾರ್ಖಾನೆ ಇದ್ದ ಊರು ಮ್ಯಾರಥಾನ್. ಅಲ್ಲಿಯವರು ಸುಮ್ನೆ ಕೂರಲಿಲ್ಲ. ಹಳೆಯ ನೌಕರರು ಕೆಲವರು ಸೇರಿ ಅದೇ ಊರಲ್ಲಿ ಮತ್ತೆ ಕನೂ ಮಾಡತೊಡಗಿದರು. ನಿಲ್ಲಿಸಿದ ದೊಡ್ಡ ಕಂಪನಿಯೋ 2000ದಲ್ಲಿ ದಿವಾಳಿಯಾಯಿತು. ಈಚಿನದೂ ಒಂದಿದೆ. ಬಿಆರ್‌ಪಿ ಎಂಬ ಕೆನಡಾ ಕಂಪನಿ 2018ರಲ್ಲಿ ಅಲ್ಯುಮಾಕ್ರಾಫ್ಟ್ ಎಂಬ ಹಳೆಯ ದೋಣಿ ಕಂಪನಿಯನ್ನು ಕೊಂಡಿತು. 2024ರಲ್ಲಿ ಅದನ್ನು ಮಾರುತ್ತೇವೆ ಎಂದು ಹೇಳಿತು. ಮೀನು ಹಿಡಿಯುವವನ ಕೈಯಲ್ಲಿ ದೋಣಿ ಹೇಗಿದೆ ಎಂದು ಯಾರೂ ಕೇಳಿದ್ದಲ್ಲ. ಲೆಕ್ಕದ ಪುಸ್ತಕ ನೋಡಿ ಮಾಡಿದ ತೀರ್ಮಾನಗಳು ಇವು.

ಈಗ ನಿಮ್ಮ ದೋಣಿಗೆ ಬರೋಣ. ದಂಡೆಯ ಮೇಲೆ ಉಸುಕಿನ ಚೀಲ ಇಟ್ಟು, ತಳದ ಭಾರ ಎಲ್ಲ ಕಡೆ ಸಮ ಬೀಳುವಂತೆ ದೋಣಿ ಕೂರಿಸಿ. ಒಳಗೆ ನಾಲ್ಕು ಬೆರಳು ನೀರು ಹಾಕಿ. ಹೊರಗೆ ಎಲ್ಲೆಲ್ಲಿ ಹನಿ ಬೀಳುತ್ತದೋ ಅಲ್ಲೆಲ್ಲ ಮಾರ್ಕರಿನಿಂದ ಗುರುತು ಮಾಡಿ. ಸಡಿಲಾದ ರಿವಿಟನ್ನು ಒಳಗಿನಿಂದ ಕಬ್ಬಿಣದ ದಪ್ಪ ತುಂಡು ಆನಿಸಿ, ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಬಹುದು. ತೀರ ಸವೆದದ್ದನ್ನು ತೆಗೆದು ಗಟ್ಟಿ ಅಲ್ಯೂಮಿನಿಯಂ ರಿವಿಟನ್ನೇ ಹಾಕಿಸಿ. ಬಾಗಿಲು ಕಿಟಕಿಗೆ ಹೊಡೆಯುವ ಪಾಪ್ ರಿವಿಟ್ ಬೇಡ. ಅದರ ನಡುವೆ ತೂತು ಇರುತ್ತದೆ, ಅಲ್ಲಿಂದಲೇ ನೀರು ಬರುತ್ತದೆ. ತಾಮ್ರ, ಹಿತ್ತಾಳೆಯ ಬೋಲ್ಟಂತೂ ಹಾಕಲೇಬೇಡಿ. ನೀರಲ್ಲಿ ಎರಡು ಲೋಹ ಕೂಡಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಕಬ್ಬಿಣದ್ದೂ ಬೇಡ.

ವೆಲ್ಡಿಂಗ್ ಬೇಕಾದೀತು ಅನಿಸಿದರೆ ಎಚ್ಚರ. ನಿಮ್ಮ ಪತ್ರ ಹಿಡಿದು ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದೆ. ಆರ್ಗಾನ್ ಅನಿಲ ಬಳಸಿ ಅಲ್ಯೂಮಿನಿಯಂ ಬೆಸೆಯುವ ಒಬ್ಬರು ಬಿಡಿಸಿ ಹೇಳಿದರು. ಕಬ್ಬಿಣ ಕಾದರೆ ಕೆಂಪಾಗಿ ತೋರಿಸಿಕೊಡುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸುವುದಿಲ್ಲ, 660 ಡಿಗ್ರಿಯ ಆಸುಪಾಸಿನಲ್ಲಿ ಒಮ್ಮೆಲೇ ಕರಗಿ ತೂತು ಬೀಳುತ್ತದೆ. ಹಾಗಾಗಿ ಟ್ರ್ಯಾಕ್ಟರ್ ಟ್ರೇಲರ್ ಬೆಸೆಯುವವರ ಹತ್ತಿರ ಇದನ್ನು ಕೊಡಬೇಡಿ. ನೀವು ಹಚ್ಚಿದ ಎಂ-ಸೀಲ್ ಪೂರ್ತಿ ಕೆರೆದು ತೆಗೆದು, ತಿಕ್ಕಿ ಹೊಳಪು ಬರುವವರೆಗೆ ಸ್ವಚ್ಛ ಮಾಡದಿದ್ದರೆ ಆರ್ಗಾನ್ ಬೆಸುಗೆಯೂ ಹಿಡಿಯುವುದಿಲ್ಲ. ಅದು ನೀವು ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ. ಕೂಲಿ ಉಳಿಯುತ್ತದೆ.

ಹದಿನಾರು ಅಡಿಯ ದೋಣಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಬೇಸಿಗೆಯಲ್ಲಿ ನಿಮ್ಮ ಕಡೆ ನದಿ ಹೇಗಿರುತ್ತದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೊಣಕಾಲು ನೀರು, ನಡುವೆ ಬಂಡೆ. ಈಗಿನ ದೋಣಿಯನ್ನು ನೀವೂ ನಿಮ್ಮ ಮಗನೂ ಎತ್ತಿಕೊಂಡು ಮಡುವಿನಿಂದ ಮಡುವಿಗೆ ಹೋಗುತ್ತೀರಿ. ಎಂಜಿನ್ ಸಮೇತ ದೊಡ್ಡದನ್ನು ಹಾಗೆ ಎತ್ತಲಾಗುವುದಿಲ್ಲ. ಡೀಸೆಲ್ಲೋ ಪೆಟ್ರೋಲೋ ದಿನದ ಖರ್ಚು ಬೇರೆ. ಎಷ್ಟು ಕಿಲೋ ಮೀನು ಅದಕ್ಕೇ ಹೋಗುತ್ತದೆ ಎಂದು ಮನೆಯವರ ಜೊತೆ ಕೂತು ಲೆಕ್ಕ ಹಾಕಿ.

ಹಳೆಯ ಹರಿಗೋಲು ಇನ್ನೂ ಅಟ್ಟದ ಮೇಲಿದೆ ಎಂದು ಬರೆದಿದ್ದೀರಿ. ರಿಪೇರಿ ಮುಗಿಯುವ ತನಕ ಅದನ್ನು ಇಳಿಸಿಕೊಳ್ಳಿ. ನದಿ ತುಂಬಿದ ದಿನ ಮಾತ್ರ ಇಳಿಯಬೇಡಿ. ಲೈಫ್ ಜಾಕೆಟ್ ಹಾಕದೆ ಯಾವ ದಿನವೂ ಬೇಡ.

ಗುರುತು ಮಾಡಿದ ಮೇಲೆ ತಳದ ಫೋಟೊ ತೆಗೆದು ಕಳಿಸಿ. ಗೋಕುಲ ರಸ್ತೆಗೆ ನಾನೇ ಮತ್ತೆ ಹೋಗಿ ತೋರಿಸುತ್ತೇನೆ. ಎಷ್ಟಾಗುತ್ತದೆ ಎಂದು ಕೇಳಿ ತಿಳಿಸುತ್ತೇನೆ, ಆಮೇಲೆ ಟೆಂಪೊ ಮಾಡಿಕೊಂಡು ಬನ್ನಿ.

— ಸಂಪಾದಕ