ಹಿಂದುಳಿದ ಚುಕ್ಕಿಯನ್ನು ಹಿಂಬಾಲಿಸುವವರಿಗೆ

ಮೇಡಂ, ಇಲ್ಲಿ ಗೆದ್ದವರ ಬಗ್ಗೆ ಕೇಳುವವರೇ ಜಾಸ್ತಿ. ನೀವು ಕೊನೆಯಲ್ಲಿರುವವರ ಬಗ್ಗೆ ಕೇಳಿದ್ದು ತುಂಬಾ ಖುಷಿಯಾಯಿತು. ನಿಮ್ಮ ಪ್ರಶ್ನೆ ಇಷ್ಟು: ಒಬ್ಬರೇ ಜಗತ್ತು ಸುತ್ತುವ ಹಾಯಿದೋಣಿ ರೇಸ್‌ನ ಟ್ರ್ಯಾಕರ್‌ನಲ್ಲಿ, ಅಂದರೆ ದೋಣಿಗಳನ್ನು ಚುಕ್ಕಿಗಳಾಗಿ ತೋರಿಸುವ ಆನ್‌ಲೈನ್ ನಕ್ಷೆಯಲ್ಲಿ, ಹಿಂದುಳಿದವರ ಚುಕ್ಕಿ ದಿನಗಟ್ಟಲೆ ಎರಡು ನಾಟ್‌ನಲ್ಲಿ (ಗಂಟೆಗೆ ಸುಮಾರು 4 ಕಿಲೋಮೀಟರ್) ತೆವಳುತ್ತದೆ, ಕೆಲವೊಮ್ಮೆ ದಾರಿ ಬಿಟ್ಟು ಎಲ್ಲೋ ತಿರುಗುತ್ತದೆ. ಅವರು ನಿಜವಾಗಿ ಕಷ್ಟದಲ್ಲಿದ್ದಾರಾ ಅಂತ ತಿಳಿಯುವುದು ಹೇಗೆ? ಯಾರೂ ಯಾಕೆ ನೆರವಿಗೆ ಹೋಗುವುದಿಲ್ಲ? ನೋಡುತ್ತಾ ಕೂತ ನಾವು ಏನು ಮಾಡಬಹುದು? ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ದೋಣಿ ಯಾವುದು ಅಂತ ನೋಡಿ. ಇಂಥ ರೇಸ್‌ಗಳಲ್ಲಿ ಒಂದಾದ ವಾಂಡೇ ಗ್ಲೋಬ್‌ನ ದೋಣಿಗಳು 60 ಅಡಿಯವು. ಹೊಸವು ಫಾಯಿಲ್ ಅನ್ನುವ ನೀರಿನೊಳಗಿನ ರೆಕ್ಕೆಗಳ ಮೇಲೆ ಎದ್ದು ದಿನಕ್ಕೆ 500 ನಾಟಿಕಲ್ ಮೈಲಿಗಿಂತ ಹೆಚ್ಚು ಓಡಿದ್ದೂ ಇದೆ (ಒಂದು ನಾಟಿಕಲ್ ಮೈಲಿ ಸುಮಾರು 1.85 ಕಿಲೋಮೀಟರ್, ಮುಂದೆ ಮೈಲಿ ಅಂದರೆ ಇದೇ). ಇನ್ನೊಂದು ರೇಸ್ ಗೋಲ್ಡನ್ ಗ್ಲೋಬ್‌ನವು 32ರಿಂದ 36 ಅಡಿಯ ಹಳೆ ಮಾದರಿಯ ಭಾರದ ದೋಣಿಗಳು. ಅವಕ್ಕೆ ಐದು ನಾಟ್, ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರ್, ಒಳ್ಳೆಯ ವೇಗ. ದಿನಕ್ಕೆ 120 ಮೈಲಿ ಬಂದರೆ ನಾವಿಕ ನೆಮ್ಮದಿಯಾಗಿದ್ದಾನೆ ಅಂತಲೇ ಅರ್ಥ. ಒಂದು ರೇಸ್ ನೋಡಿ ಅಭ್ಯಾಸವಾದ ಕಣ್ಣಿಗೆ ಇನ್ನೊಂದರ ಚುಕ್ಕಿಗಳೆಲ್ಲ ಕೆಟ್ಟು ನಿಂತ ಹಾಗೆ ಕಾಣುತ್ತವೆ.

ಚುಕ್ಕಿಯ ಪಕ್ಕ ತೋರಿಸುವ ವೇಗವನ್ನು ಹೆಚ್ಚು ನಂಬಬೇಡಿ. ಅದು ಆ ಹೊತ್ತಿನ ವೇಗ ಅಷ್ಟೇ. 24 ಗಂಟೆಯಲ್ಲಿ ಎಷ್ಟು ದೂರ ಹೋದರು ಅನ್ನುವುದನ್ನು ನೋಡಿ. ಆಮೇಲೆ ಅದೇ ಗಾಳಿಯಲ್ಲಿರುವ, ಅದೇ ಅಳತೆಯ ಇನ್ನೊಂದು ದೋಣಿಗೆ ಹೋಲಿಸಿ. ಗಾಳಿ ತೋರಿಸುವ ಪದರ ಟ್ರ್ಯಾಕರ್‌ನಲ್ಲಿ ಇಲ್ಲದಿದ್ದರೆ ವಿಂಡಿ ಆ್ಯಪ್ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಸಮಯ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿರುತ್ತದೆ, ನಮ್ಮ ಸಮಯಕ್ಕೆ ಐದೂವರೆ ಗಂಟೆ ಸೇರಿಸಿಕೊಳ್ಳಿ. ವಾಂಡೇ ಗ್ಲೋಬ್‌ನಲ್ಲಿ ಸ್ಥಾನದ ಪಟ್ಟಿ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಬದಲಾಗುತ್ತದೆ. ನಡುವೆ ಚುಕ್ಕಿ ಅಲುಗದಿದ್ದರೆ ಸುಮ್ನೆ ಗಾಬರಿಯಾಗಬೇಡಿ.

ಚುಕ್ಕಿ ಬಿಟ್ಟು ಹೋದ ಗೆರೆಯಲ್ಲಿ ಇನ್ನೂ ಹೆಚ್ಚು ವಿಷಯ ಇರುತ್ತದೆ. ಗರಗಸದ ಹಲ್ಲಿನಂತೆ ಅಂಕುಡೊಂಕಾಗಿದ್ದರೆ ಎದುರುಗಾಳಿ. ಇದ್ದಲ್ಲೇ ಗೋಜಲು ಗೋಜಲಾಗಿ ಸುತ್ತಿದ್ದರೆ ಗಾಳಿಯೇ ಇಲ್ಲ, ದೋಣಿ ಪ್ರವಾಹದಲ್ಲಿ ತೇಲುತ್ತಿದೆ. ಬಿರುಗಾಳಿಯ ನಡುವೆ ಗೆರೆ ನಿಧಾನವಾಗಿ, ಗಾಳಿ ಹೋಗುವ ಕಡೆಗೇ ಸಾಗಿದ್ದರೆ ನಾವಿಕ ಬೇಕಂತಲೇ ವೇಗ ಇಳಿಸಿರಬಹುದು. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಎಲ್ಲರೂ ಪಶ್ಚಿಮಕ್ಕೆ ಬಳಸಿ ಹೋಗುವುದನ್ನು ನೋಡಿರಬಹುದು. ಅಲ್ಲಿ ಸೇಂಟ್ ಹೆಲೆನಾ ಹತ್ತಿರದ ಅಧಿಕ ಒತ್ತಡದ ಪ್ರದೇಶದ ನಡುವೆ ಗಾಳಿ ಸತ್ತುಹೋಗಿರುತ್ತದೆ. ನೇರ ಹೋದವರು ಪಟ್ಟಿಯಲ್ಲಿ ಎರಡು ದಿನ ಮುಂದೆ ಕಾಣುತ್ತಾರೆ, ಆಮೇಲೆ ಅಲ್ಲೇ ಸಿಕ್ಕಿಬೀಳುತ್ತಾರೆ. ಪಟ್ಟಿ ಲೆಕ್ಕ ಹಾಕುವುದು ಗುರಿಗೆ ಉಳಿದ ದೂರವನ್ನು ಮಾತ್ರ, ಗಾಳಿಯನ್ನಲ್ಲ.

ಇನ್ನು ದಾರಿ ಬಿಟ್ಟು ತಿರುಗುವ ವಿಷಯ. 2024ರ ಡಿಸೆಂಬರ್ 15ರಂದು ವಾಂಡೇ ಗ್ಲೋಬ್‌ನಲ್ಲಿದ್ದ ಬ್ರಿಟನ್ನಿನ ಪಿಪ್ ಹೇರ್ ಅವರ ದೋಣಿಯ ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಮುರಿಯಿತು. ಆಸ್ಟ್ರೇಲಿಯಾದ ದಕ್ಷಿಣಕ್ಕೆ ಸುಮಾರು 800 ಮೈಲಿ ದೂರದಲ್ಲಿದ್ದರು. ಆಮೇಲೆ ಚುಕ್ಕಿ ಕೆಲವೇ ನಾಟ್‌ಗಳಲ್ಲಿ ಮೆಲ್ಬರ್ನ್ ಕಡೆಗೆ ಹೊರಟಿತು. ಉಳಿದ ಸಾಮಾನಿನಿಂದ ತಾತ್ಕಾಲಿಕ ಮಾಸ್ಟ್ ಕಟ್ಟಿಕೊಂಡು, ತಾವೇ ದೋಣಿಯನ್ನು ದಡ ಸೇರಿಸಿದರು. ವೇಗ ಕಡಿಮೆ, ಆದರೆ ದಿಕ್ಕು ಸ್ಥಿರ, ಗುರಿ ಹತ್ತಿರದ ಬಂದರು. ಇದನ್ನು ಕಂಡರೆ ನಾವಿಕರು ಪರಿಸ್ಥಿತಿಯನ್ನು ಕೈಯಲ್ಲಿ ಹಿಡಿದಿದ್ದಾರೆ ಅಂತ ತಿಳಿಯಿರಿ.

ಏನೂ ಮುರಿಯದೆ, ಸುಮ್ಮನೆ ನಿಧಾನವಾಗುತ್ತಾ ಹೋಗುವ ದೋಣಿಯನ್ನು ಅರ್ಥ ಮಾಡಿಕೊಳ್ಳುವುದೇ ಕಷ್ಟ. ಇದಕ್ಕೆ ಫಿನ್ಲೆಂಡಿನ ಟಾಪಿಯೊ ಲೆಹ್ತಿನೆನ್ ಅವರ 2018ರ ಗೋಲ್ಡನ್ ಗ್ಲೋಬ್ ಓಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವರ ದೋಣಿ ಆಸ್ಟೇರಿಯಾದ ತಳಕ್ಕೆ ಬಾರ್ನಕಲ್ ಅನ್ನುವ ಚಿಪ್ಪಿನ ಕಡಲಜೀವಿ ಹತ್ತಿತು. ಗೂಸ್‌ನೆಕ್ ಬಾರ್ನಕಲ್ ಅನ್ನುವ ಜಾತಿ. ಬೆರಳಿನಂಥ ರಬ್ಬರಿನ ಹಾಗಿನ ತೊಟ್ಟು, ತುದಿಯಲ್ಲಿ ಬಿಳಿ ಚಿಪ್ಪು. ಗೊಂಚಲು ಗೊಂಚಲಾಗಿ ತಳಕ್ಕೆ ಅಂಟಿ ನೇತಾಡುತ್ತವೆ. ಮಲ್ಪೆ, ಗಂಗೊಳ್ಳಿ ಕಡೆಯವರು ಈ ಗುಂಪಿನಲ್ಲಿದ್ದರೆ ಅವರಿಗೆ ಹೇಳಬೇಕಿಲ್ಲ. ಮಳೆಗಾಲದ ರಜೆಯಲ್ಲಿ ಬೋಟ್ ಮೇಲೆಳೆದು ತಳ ಕೆರೆದು ಬಣ್ಣ ಹೊಡೆಯುವುದು ಈ ಕಾಟಕ್ಕೇ ಅಲ್ವಾ? ರೇಸ್‌ನಲ್ಲಿರುವವರು ಹಾಗೆ ಮೇಲೆಳೆಯುವಂತಿಲ್ಲ. ಎಲ್ಲೂ ನಿಲ್ಲದೆ, ಹೊರಗಿನ ನೆರವಿಲ್ಲದೆ ಸುತ್ತಬೇಕು. ತಾವೇ ನೀರಿಗಿಳಿದು ಕೆರೆಯಬಹುದು. ಆದರೆ ದಕ್ಷಿಣದ ಆ ಕೊರೆಯುವ ನೀರಿನಲ್ಲಿ, ಅಲೆಗೆ ಎದ್ದು ಬೀಳುವ ದೋಣಿಯ ಕೆಳಗೆ, ಮೇಲೆ ಯಾರೂ ಇಲ್ಲದಾಗ ಇಳಿಯುವುದು ಪ್ರಾಣದ ಜೊತೆ ಆಟ.

ಟ್ರ್ಯಾಕರ್‌ನಲ್ಲಿ ಇದು ಹೇಗೆ ಕಾಣುತ್ತದೆ? ಗೆರೆಯಲ್ಲಿ ಏನೂ ದೋಷ ಇರುವುದಿಲ್ಲ. ದಿಕ್ಕು ಸರಿ, ದಾರಿ ಸರಿ. ಆದರೆ ಅದೇ ಗಾಳಿಯಲ್ಲಿ ಪಕ್ಕದವರಿಗಿಂತ ಪ್ರತಿದಿನ ಕಡಿಮೆ ಮೈಲಿ. ಸಣ್ಣ ಗಾಳಿಯಲ್ಲಂತೂ ಅಂತರ ಇನ್ನೂ ಜಾಸ್ತಿ, ಯಾಕೆಂದರೆ ನಿಧಾನ ಹೋಗುವಾಗ ದೋಣಿಯನ್ನು ಹಿಡಿದೆಳೆಯುವುದು ಮುಖ್ಯವಾಗಿ ತಳದ ಘರ್ಷಣೆಯೇ. ವಾರಗಟ್ಟಲೆ ಹೀಗೇ ಇದ್ದರೆ ತಳದಲ್ಲಿ ಏನೋ ಬೆಳೆದಿದೆ ಅಂತ ಊಹಿಸಬಹುದು.

ಆ ವರ್ಷ ಗೆದ್ದ ಫ್ರಾನ್ಸಿನ ಝಾಂ-ಲುಕ್ ವಾನ್ ಡೆನ್ ಹೀಡ್ 212 ದಿನಗಳಲ್ಲಿ ಮುಗಿಸಿದರು. ಲೆಹ್ತಿನೆನ್ ಅವರಿಗೆ 322 ದಿನ ಹಿಡಿಯಿತು. ದೂರ 30,000 ಮೈಲಿ ಅಂತ ಹಿಡಿದರೆ ದಿನಕ್ಕೆ 93 ಮೈಲಿ ಚಿಲ್ಲರೆ, ಅಂದರೆ ನಾಲ್ಕು ನಾಟ್‌ಗೂ ಕಡಿಮೆ. 2019ರ ಮೇ 19ರಂದು ದಡ ಸೇರಿದರು. ಮುಗಿಸಿದವರು ಐದೇ ಜನ, ಅವರು ಐದನೆಯವರು. ಬಹುಪಾಲು ದೋಣಿಗಳು ಮುಗಿಸಲೇ ಇಲ್ಲ ಅನ್ನುವುದನ್ನು ಮರೆಯಬೇಡಿ. ನನ್ನ ಲೆಕ್ಕದಲ್ಲಿ ಆ ಓಟ ಗೆದ್ದವರ ಓಟಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ.

ನಿಜವಾದ ಅಪಾಯ ಬೇರೆ ಥರ ಇರುತ್ತದೆ. ಅದೇ ರೇಸ್‌ನಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಇದ್ದರಲ್ಲ. 2018ರ ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಅವರ ದೋಣಿ ತುರಿಯಾ ಮಗುಚಿ ಮಾಸ್ಟ್ ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಯಿತು. ದೋಣಿ ಉರುಳಿತು, ಮಾಸ್ಟ್ ಹೋಯಿತು, ಬೆನ್ನಿಗೆ ತೀವ್ರ ಪೆಟ್ಟು, ಏಳಲಾಗುತ್ತಿಲ್ಲ ಅಂತ ಅವರೇ ಚುಟುಕು ಸಂದೇಶ ಕಳಿಸಿದರು. ಆಸ್ಟ್ರೇಲಿಯಾದ ರಕ್ಷಣಾ ಕೇಂದ್ರ ಕೆಲಸ ಹಂಚಿತು. ಭಾರತದ ಪಿ-8ಐ ವಿಮಾನ ಮೇಲಿಂದ ದೋಣಿಯನ್ನು ಗುರುತಿಸಿತು. ಹತ್ತಿರದಲ್ಲಿದ್ದ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ತಮ್ಮ ದೋಣಿಯ ಮಾಸ್ಟ್ ಮುರಿದಿದ್ದರೂ ಅತ್ತ ಹೊರಟರು. ಕೊನೆಗೆ 24ರಂದು ಫ್ರೆಂಚ್ ಮೀನುಗಾರಿಕಾ ಗಸ್ತು ಹಡಗು ಓಸಿರಿಸ್ ಟೋಮಿಯವರನ್ನು ಎತ್ತಿಕೊಂಡಿತು. ಎಲ್ಲರೂ ಓಡಿ ಬಂದರೂ ಮೂರು ದಿನ. ‘ಯಾರೂ ಯಾಕೆ ಹೋಗುವುದಿಲ್ಲ’ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇದೇ. ಹೋಗುತ್ತಾರೆ, ಆದರೆ ಕರೆದಾಗ. ಜೊತೆಗೆ ಆ ನೀರಿನಲ್ಲಿ ಹತ್ತಿರ ಅನ್ನುವುದೇ ಇಲ್ಲ.

ಉಳಿದರ್ಧ ಉತ್ತರ: ಹತ್ತಿರದವರು ಅಂದರೆ ಬಹಳ ಸಲ ಇನ್ನೊಬ್ಬ ಸ್ಪರ್ಧಿಯೇ. 2022ರ ಗೋಲ್ಡನ್ ಗ್ಲೋಬ್‌ನಲ್ಲಿ, ನವೆಂಬರ್ 18ರಂದು ಅದೇ ಲೆಹ್ತಿನೆನ್ ಅವರ ಅದೇ ಆಸ್ಟೇರಿಯಾ, ದಕ್ಷಿಣ ಆಫ್ರಿಕಾದ ಆಗ್ನೇಯಕ್ಕೆ ನಿಮಿಷಗಳಲ್ಲಿ ಮುಳುಗಿತು. ಅವರು ರಕ್ಷಣಾ ತೆಪ್ಪಕ್ಕೆ ಜಿಗಿದರು. ನೂರು ಮೈಲಿ ಆಚೆ ಇದ್ದ ಇನ್ನೊಬ್ಬ ಸ್ಪರ್ಧಿ, ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ದಾರಿ ಬಿಟ್ಟು ರಾತ್ರಿಯಿಡೀ ಹಾಯಿಸಿ ಬಂದು ಅವರನ್ನು ಹತ್ತಿಸಿಕೊಂಡರು, ಆಮೇಲೆ ಒಂದು ಸರಕು ಹಡಗಿಗೆ ದಾಟಿಸಿದರು. ಇಂಥದ್ದಕ್ಕೆ ಕಳೆದ ಸಮಯವನ್ನು ಆಯೋಜಕರು ವಾಪಸ್ ಕೊಡುತ್ತಾರೆ. ಕರ್ಸ್ಟನ್ ಅವರಿಗೆ 35 ಗಂಟೆ ಸಿಕ್ಕಿತು, ಅತ್ತ ಹೊರಟಿದ್ದ ಅಭಿಲಾಷ್ ಅವರಿಗೆ 12. ಆ ರೇಸ್ ಗೆದ್ದಿದ್ದು ಕರ್ಸ್ಟನ್, ಎರಡನೆಯವರು ಅಭಿಲಾಷ್. 2020ರಲ್ಲಿ ದೋಣಿ ಮುರಿದು ತೆಪ್ಪದಲ್ಲಿದ್ದ ಸ್ಪರ್ಧಿ ಕೆವಿನ್ ಎಸ್ಕೊಫಿಯೆ ಅವರನ್ನು ಹುಡುಕಲು ಹೋದ ಯಾನಿಕ್ ಬೆಸ್ತಾವೆನ್ ಅವರಿಗೆ ಸಿಕ್ಕ ಹತ್ತೂಕಾಲು ಗಂಟೆಯಿಂದಲೇ ವಾಂಡೇ ಗ್ಲೋಬ್‌ನ ಮೊದಲ ಸ್ಥಾನ ಅವರದಾಯಿತು. ಹಾಗಾಗಿ ಒಂದು ಚುಕ್ಕಿ ಸಡನ್ನಾಗಿ ಪಕ್ಕಕ್ಕೆ ತಿರುಗಿದರೆ ಮೊದಲು ಅದರ ಅಕ್ಕಪಕ್ಕದ ದೋಣಿಗಳನ್ನೂ ನೋಡಿ.

ನೀವು ಮಾಡಬಾರದ್ದು ಒಂದಿದೆ. ಟ್ರ್ಯಾಕರ್ ನೋಡಿ ರಕ್ಷಣಾ ಕೇಂದ್ರಗಳಿಗೆ ಫೋನ್, ಮೇಲ್ ಮಾಡಬೇಡಿ. ಆಯೋಜಕರ ಕಂಟ್ರೋಲ್ ರೂಮ್‌ನಲ್ಲಿ ಹಗಲೂ ರಾತ್ರಿ ಜನ ಇರುತ್ತಾರೆ. ಗೋಲ್ಡನ್ ಗ್ಲೋಬ್ ನಾವಿಕರಿಗೆ ಹವಾಮಾನ, ಸ್ಥಾನದ ಮಾಹಿತಿ ತಲುಪಿಸಲೂ ಹೋಗಬೇಡಿ. ಅವರು ಸೆಕ್ಸ್‌ಟೆಂಟ್ ಹಿಡಿದು ಸೂರ್ಯನನ್ನು ನೋಡಿ ದಾರಿ ಲೆಕ್ಕ ಹಾಕುತ್ತಾರೆ. ಜಿಪಿಎಸ್ ಸೀಲ್ ಮಾಡಿದ ಪೆಟ್ಟಿಗೆಯಲ್ಲಿರುತ್ತದೆ. ಅವರು ಎಲ್ಲಿದ್ದಾರೆ ಅಂತ ಅವರಿಗಿಂತ ನಿಖರವಾಗಿ ನಿಮಗೆ ಗೊತ್ತಿರುತ್ತದೆ, ಆದರೆ ಹೇಳುವಂತಿಲ್ಲ. ಹೊರಗಿನ ನೆರವು ಅಂತ ದಂಡ ಬೀಳುವುದು ಅವರಿಗೇ. ತಂಡದ ಪುಟದಲ್ಲಿ ಒಳ್ಳೆಯ ಮಾತು ಬರೆಯಿರಿ. ಮನೆಯವರು ಓದುತ್ತಾರೆ.

ಕೊನೆಗೆ ಕೇಳಿದ್ದಿರಿ, ಕಳೆದ ವಾಂಡೇ ಗ್ಲೋಬ್‌ನಲ್ಲಿ ಬೆಲ್ಜಿಯಂನ ಡೆನಿಸ್ ವಾನ್ ವೇನ್‌ಬರ್ಗ್ ಸುತ್ತು ಮುಗಿಸಿದರೂ ಪಟ್ಟಿಯಲ್ಲಿ ಯಾಕಿಲ್ಲ ಅಂತ. ಅಂತಿಮ ಗೆರೆ ಮುಚ್ಚುವ ಗಡುವು 2025ರ ಮಾರ್ಚ್ 7ರ ಬೆಳಿಗ್ಗೆ ಇತ್ತು. ಅವರು ತಲುಪಿದ್ದು ಅದಾಗಿ ಸುಮಾರು ಒಂದು ದಿನಕ್ಕೆ. ನಿಯಮ ಅಂದರೆ ನಿಯಮ, ಆದರೂ ಅವರು ಒಬ್ಬರೇ ಜಗತ್ತು ಸುತ್ತಿದವರೇ.

ಮುಂದಿನ ಗೋಲ್ಡನ್ ಗ್ಲೋಬ್ 2026ರ ಸೆಪ್ಟೆಂಬರ್‌ಗೆ ನಿಗದಿಯಾಗಿದೆ, ಫ್ರಾನ್ಸಿನ ಲೆ ಸಾಬ್ಲ್ ದೊಲೋನ್‌ನಿಂದ. ಮಗನ ಜೊತೆ ನೋಡುತ್ತೀರಿ ಅಂದಿರಲ್ಲ, ಒಂದು ದೊಡ್ಡ ನಕ್ಷೆ ಗೋಡೆಗೆ ಅಂಟಿಸಿ. ದಿನಾ ಒಂದೇ ಹೊತ್ತಿಗೆ ಮೂರು ದೋಣಿಗಳ ಸ್ಥಾನ ಗುರುತಿಸಲಿ: ಒಂದು ಮುಂದಿನದು, ಒಂದು ನಡುವಿನದು, ಒಂದು ಹಿಂದಿನದು. ಪಕ್ಕದಲ್ಲಿ 24 ಗಂಟೆಯ ಮೈಲಿ ಮತ್ತು ಗಾಳಿ ಬರೆಯಲಿ. ಭೂಮಧ್ಯರೇಖೆ ದಾಟುವಷ್ಟರಲ್ಲಿ ಯಾರ ದೋಣಿಯಲ್ಲಿ ಏನೋ ಸರಿಯಿಲ್ಲ ಅಂತ ಅವನೇ ನಿಮಗೆ ಹೇಳುತ್ತಾನೆ. ಆಗ ಆ ಪಟ್ಟಿಯ ಫೋಟೋ ಇಲ್ಲಿ ಹಾಕಿ, ಎಲ್ಲರೂ ಸೇರಿ ಕಾರಣ ಹುಡುಕೋಣ.