ಮ್ಯೂನಿಕ್ಕೋ ಡ್ರೆಸ್ಡೆನ್ನೋ: ಮೊದಲ ಕೆಲಸ ಹುಡುಕುವ ಮುಂಚೆ

ಚೆಮ್ನಿಟ್ಸ್‌ನಲ್ಲಿ ಮಾಸ್ಟರ್ಸ್ ಮುಗಿಯುತ್ತಾ ಬಂತು, ಪೂರ್ವ ಜರ್ಮನಿಯಲ್ಲಿ ಒಳ್ಳೆ ಕೆಲಸ ಸಿಗಲ್ಲವಂತೆ, ಮ್ಯೂನಿಕ್‌ಗೇ ಹೋಗಬೇಕಾ ಅಂತ ಕೇಳಿದ್ದೀರಿ. ಬರೀ ಸಂಬಳ ನೋಡಿದರೆ ಹೌದು, ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆ ಜಾಸ್ತಿ. ಆದರೆ ಊರು ನೋಡಿ ಕೆಲಸ ಒಪ್ಪಿಕೊಳ್ಳಬೇಡಿ, ಕರಾರು ಓದಿ ಒಪ್ಪಿಕೊಳ್ಳಿ.

ನನ್ನ ಜೊತೆ ಓದಿದವಳೊಬ್ಬಳು ಮ್ಯೂನಿಕ್‌ನ ದೊಡ್ಡ ಕಾರು ಕಂಪನಿಯಲ್ಲಿ ಕೆಲಸ ಅಂತ ಖುಷಿಯಿಂದ ಹೋದಳು. ಕೂರುತ್ತಿದ್ದದ್ದು ಅದೇ ಕಟ್ಟಡದಲ್ಲಿ, ಸಂಬಳ ಕೊಡುತ್ತಿದ್ದದ್ದು ಮಾತ್ರ ಬೇರೆ ಏಜೆನ್ಸಿ. ಕುತ್ತಿಗೆಯ ಬ್ಯಾಡ್ಜ್ ಬಣ್ಣವೇ ಬೇರೆ, ಪಕ್ಕದ ಕುರ್ಚಿಯವನಿಗೆ ಬಂದ ಬೋನಸ್ ಇವಳಿಗಿಲ್ಲ, ಪ್ರಾಜೆಕ್ಟ್ ನಿಂತ ದಿನ ಮೊದಲು ಹೊರಗೆ ಬಂದವಳೂ ಇವಳೇ. ಆ ಊರಿನ ಬಾಡಿಗೆ ಗೊತ್ತಲ್ವಾ, ದೇಶದಲ್ಲೇ ದುಬಾರಿ. ತೆರಿಗೆ, ವಿಮೆ, ಪಿಂಚಣಿ ಎಲ್ಲ ಕಳೆದು ಒಂಟಿಯಾಗಿರುವವರ ಕೈಗೆ ಬರುವುದು ನೂರಕ್ಕೆ 60 ಚಿಲ್ಲರೆ, ಅದರಲ್ಲಿ ಒಂದು ರೂಮಿಗೇ ದೊಡ್ಡ ಪಾಲು ಹೋಗುತ್ತದೆ.

ಪೂರ್ವದವರ ದೂರು ಸುಳ್ಳಲ್ಲ. ಕಾರ್ಮಿಕ ಸಂಘದ ಒಪ್ಪಂದ, ಅಂದರೆ ಟಾರಿಫ್, ಇಲ್ಲದ ಸಣ್ಣ ಕಂಪನಿಗಳು ಇಲ್ಲಿ ಜಾಸ್ತಿ. ಪಶ್ಚಿಮದಲ್ಲಿ ಐಜಿ ಮೆಟಾಲ್, ಅಂದರೆ ಲೋಹ ಮತ್ತು ಕಾರು ಉದ್ಯಮದ ಕಾರ್ಮಿಕ ಸಂಘದ, ಒಪ್ಪಂದ ಇದ್ದರೆ ವಾರಕ್ಕೆ 35 ಗಂಟೆ ಕೆಲಸ, ವರ್ಷಕ್ಕೆ 30 ದಿನ ರಜೆ. ವಾರಕ್ಕೆ 5 ದಿನ ದುಡಿಯುವವರಿಗೆ ಕಾನೂನು ಕೊಡುವುದು 20 ದಿನ ಮಾತ್ರ. ಪೂರ್ವದಲ್ಲಿ ಅದೇ ಸಂಘದ ಒಪ್ಪಂದ ಇದ್ದ ಕಡೆಯೂ ಬರ್ಲಿನ್ ಗೋಡೆ ಬಿದ್ದು ಎಷ್ಟೋ ವರ್ಷಗಳವರೆಗೆ 38 ಗಂಟೆಯೇ ಇತ್ತು, ಅದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹಾಗಂತ ಪೂರ್ವ ಅಂದರೆ ಬರಡು ಅಲ್ಲ. ಡ್ರೆಸ್ಡೆನ್‌ನಲ್ಲಿ ಇನ್ಫಿನಿಯನ್, ಗ್ಲೋಬಲ್‌ಫೌಂಡ್ರೀಸ್, ಬಾಷ್ ಎಲ್ಲ ಚಿಪ್ ಮಾಡುತ್ತವೆ. ಯೇನಾದಲ್ಲಿ ಲೆನ್ಸ್ ಮಾಡುವ ಜೈಸ್ ಇದೆ. ನಿಮ್ಮದು ಎಲೆಕ್ಟ್ರಾನಿಕ್ಸ್ ಆದರೆ ಅಲ್ಲಿಂದಲೇ ಶುರು ಮಾಡಿ, ಚೆಮ್ನಿಟ್ಸ್‌ನಿಂದ ಡ್ರೆಸ್ಡೆನ್ ರೈಲಿನಲ್ಲಿ ಹತ್ತಿರವೇ.

ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ವೀಸಾ ಸಿಗುತ್ತದೆ, ಆ ಅವಧಿಯಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು. ಮೊದಲ ತಿಂಗಳೇ ಗಾಬರಿಯಾಗಿ ಸಿಕ್ಕಿದ್ದಕ್ಕೆಲ್ಲ ಸಹಿ ಹಾಕಬೇಡಿ, ಪ್ಲೀಸ್. ಜರ್ಮನ್ ಭಾಷೆಯ ಬಿ1 ಮಟ್ಟದ ಪರೀಕ್ಷೆ ಈಗಲೇ ಮುಗಿಸಿ. ಇಲ್ಲಿ ಓದಿದವರು ಓದಿಗೆ ತಕ್ಕ ಕೆಲಸದಲ್ಲಿ 2 ವರ್ಷ ದುಡಿದು ಪಿಂಚಣಿ ಕಟ್ಟಿದ್ದರೆ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಕೇಳಬಹುದು, ಅದಕ್ಕೂ ಬಿ1 ಬೇಕು.

ಆಫರ್ ಬಂದಾಗ ಸಂಬಳ ಕೊಡುವವರು ಯಾರು, ಕರಾರಿಗೆ ಕೊನೆ ದಿನಾಂಕ ಇದೆಯಾ, ಟಾರಿಫ್ ಇದೆಯಾ ನೋಡಿ. ಕಾರಣ ಕೊಡದೆ 2 ವರ್ಷದವರೆಗೆ ತಾತ್ಕಾಲಿಕ ಕರಾರು ಕೊಡಲು ಕಾನೂನಿನಲ್ಲಿ ಅವಕಾಶ ಇದೆ, ಹೊಸಬರಿಗೆ ಸುಮ್ನೆ ಅದನ್ನೇ ಚಾಚುತ್ತಾರೆ. ಜರ್ಮನ್ ಕಾಗದ ಅರ್ಥ ಆಗದಿದ್ದರೆ ಸಹಿ ಹಾಕುವ ಮುಂಚೆ ನನಗೆ ಕಳಿಸಿ, ಓದಿ ಹೇಳುತ್ತೇನೆ.