ಪರೀಕ್ಷೆಗೆ ಹೆದರಿ ಬಿಷ್ಕೆಕ್‌ಗೆ ಹೊರಟಿದ್ದ ಹುಡುಗಿ

(ಗುರುತು ಸಿಗಬಾರದೆಂದು ಊರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಹುಡುಗಿಗೆ 19 ವರ್ಷ. ಎರಡನೇ ಸಲ ನೀಟ್ ಬರೆದು ಕ್ವಾಲಿಫೈ ಆಗಿದ್ದಳು, ಅಷ್ಟೇ. ಆ ರ‍್ಯಾಂಕಿಗೆ ಸರ್ಕಾರಿ ಸೀಟು ದೂರದ ಮಾತು. ಇಲ್ಲಿನ ಖಾಸಗಿ ಕಾಲೇಜಿನ ಪ್ರೈವೇಟ್ ಕೋಟಾ ಅಂದರೆ ವರ್ಷಕ್ಕೆ 10 ಲಕ್ಷದ ಮೇಲೆ ಬೇಕು. ಅಪ್ಪನಿಗೆ ಇರುವುದು ಒಂದು ಗೊಬ್ಬರದ ಅಂಗಡಿ, ಊರಾಚೆ ಒಂದು ಸೈಟು. ಅಪ್ಪ, ಅಮ್ಮ, ಮಗಳು ಮೂವರೂ ಒಂದೇ ಪ್ರಶ್ನೆ ಹಿಡಿದು ಸಲಹೆಗೆ ನನ್ನ ಬಳಿ ಬಂದಿದ್ದರು: ಎಂಬಿಬಿಎಸ್ ಓದಲು ಕಿರ್ಗಿಸ್ತಾನದ ಬಿಷ್ಕೆಕ್‌ಗೆ ಕಳಿಸೋದಾ, ಬೇಡ್ವಾ? ಏಜೆಂಟ್ 1 ಲಕ್ಷ ಅಡ್ವಾನ್ಸ್ ಕೇಳಿದ್ದ. ಶುಕ್ರವಾರದೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತೆ ಅಂದಿದ್ದ.

"ಮೇಡಂ, ಇಪ್ಪತ್ತೆರಡು ಲಕ್ಷಕ್ಕೆ ಮಗಳು ಡಾಕ್ಟರ್ ಆಗ್ತಾಳೆ ಅಂದ್ರೆ ಸೈಟು ಏನ್ ಮಹಾ?" ಅಂದರು ಅಪ್ಪ. ಮಗಳು ಮೊಬೈಲ್ ಕವರ್ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು.

ಮೊದಲು ಆ ಶುಕ್ರವಾರದ ಗಡಿಬಿಡಿ ಇಳಿಸಬೇಕಿತ್ತು. ವಿದೇಶದಲ್ಲಿ ಓದಲು ನೀಟ್ ರಿಸಲ್ಟ್ 3 ವರ್ಷ ನಡೆಯುತ್ತದೆ. ಇದನ್ನು ಏಜೆಂಟ್ ಅವರಿಗೆ ಹೇಳಿರಲಿಲ್ಲ. ಇದನ್ನು ಕೇಳಿದ ಮೇಲೆ ಅಪ್ಪ ಸ್ವಲ್ಪ ಸಡಿಲವಾಗಿ ಕೂತರು.

ಆಮೇಲೆ ಏಜೆಂಟ್ ಕೊಟ್ಟ ಬಣ್ಣದ ಕರಪತ್ರವನ್ನು ಮೇಜಿನ ಮೇಲೆ ಹರಡಿ ಒಂದೊಂದೇ ಸಾಲು ಓದಿದೆವು. "ಎನ್‌ಎಂಸಿ ಅನುಮೋದಿತ" ಅಂತ ದಪ್ಪಕ್ಷರದಲ್ಲಿತ್ತು. ಎನ್‌ಎಂಸಿ, ಅಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ವಿದೇಶಿ ಕಾಲೇಜುಗಳಿಗೆ ಹಾಗೆ ಅನುಮೋದನೆ ಕೊಡುವುದೇ ಇಲ್ಲ, ಅಂಥ ಪಟ್ಟಿಯೂ ಇಲ್ಲ. ಇರುವುದು 2021ರ ನವೆಂಬರ್‌ನಲ್ಲಿ ಬಂದ ನಿಯಮಗಳು, ಆ ಕಾಲೇಜಿನ ಕೋರ್ಸ್ ಅವಕ್ಕೆ ಹೊಂದುತ್ತದೋ ಇಲ್ಲವೋ ಅಂತ ನೋಡಿಕೊಳ್ಳಬೇಕಾದವರು ನಾವೇ. ಓದು ಕನಿಷ್ಠ 54 ತಿಂಗಳು, ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್, ಪಾಠ ಇಂಗ್ಲಿಷಿನಲ್ಲಿ, ಮತ್ತು ಆ ಡಿಗ್ರಿಗೆ ಆ ದೇಶದಲ್ಲೇ ಡಾಕ್ಟರಾಗಿ ಕೆಲಸ ಮಾಡುವ ಲೈಸೆನ್ಸ್ ಸಿಗುವಂತಿರಬೇಕು.

ಕರಪತ್ರದಲ್ಲಿ "5 ವರ್ಷ, ಇಂಟರ್ನ್‌ಶಿಪ್ ಸೇರಿ" ಎಂದಿತ್ತು. ಅಪ್ಪನಿಗೇ ಲೆಕ್ಕ ಮಾಡಲು ಹೇಳಿದೆ. 5 ವರ್ಷ ಅಂದರೆ 60 ತಿಂಗಳು, ಇಂಟರ್ನ್‌ಶಿಪ್ಪಿನ 12 ಕಳೆದರೆ ಉಳಿಯುವುದು 48. ಅಂಗಡಿ ಲೆಕ್ಕ ಬರೆದ ಕೈ, ನಾನು ಬಾಯಿ ಬಿಡುವ ಮೊದಲೇ ಅವರು ತಲೆ ಎತ್ತಿ, "ಆರು ತಿಂಗಳು ಕಮ್ಮಿ ಬೀಳುತ್ತಲ್ಲಾ" ಅಂದರು. ಈ ಆರು ತಿಂಗಳಿಗಾಗಿ ಇಡೀ ಡಿಗ್ರಿ ಇಲ್ಲಿ ಕೆಲಸಕ್ಕೆ ಬಾರದೆ ಹೋಗಬಹುದು.

ದುಡ್ಡಿನ ಲೆಕ್ಕ ಇನ್ನೂ ಉದ್ದವಾಯಿತು. "ಎಲ್ಲಾ ಸೇರಿ 22 ಲಕ್ಷ"ದಲ್ಲಿ ವಿಮಾನದ ಟಿಕೆಟ್ ಇರಲಿಲ್ಲ, ವರ್ಷವರ್ಷದ ವೀಸಾ ಮತ್ತು ಇನ್ಶೂರೆನ್ಸ್ ಇರಲಿಲ್ಲ, ಮೆಸ್ ಮೊದಲ ವರ್ಷಕ್ಕೆ ಮಾತ್ರ. ಫೀಸ್ ಡಾಲರಿನಲ್ಲಿ, ನಾವು ಕಟ್ಟುವುದು ರೂಪಾಯಿಯಲ್ಲಿ. ವಾಪಸ್ ಬಂದ ಮೇಲೆ ಎಫ್‌ಎಂಜಿಇ (ವಿದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರಾಗಲು ಪಾಸಾಗಬೇಕಾದ ಪರೀಕ್ಷೆ) ಕೋಚಿಂಗ್, ಪಾಸಾದರೆ ಇಲ್ಲಿ ಮತ್ತೆ 12 ತಿಂಗಳು ಇಂಟರ್ನ್‌ಶಿಪ್, ಅದಕ್ಕೆ ಆಸ್ಪತ್ರೆ ಸಿಗುವವರೆಗೆ ಕಾಯುವುದು. ಒಟ್ಟು ಏಳೂವರೆ, ಎಂಟು ವರ್ಷ. ಡಿಗ್ರಿ ಸಿಗುವ ದಿನದವರೆಗೆ ಲೆಕ್ಕ ಹಾಕಬೇಡಿ, ಮಗಳು ಇಲ್ಲಿ ತನ್ನ ರಿಜಿಸ್ಟ್ರೇಷನ್ ನಂಬರ್ ಹಾಕಿ ಮೊದಲ ಚೀಟಿ ಬರೆಯುವ ದಿನದವರೆಗೆ ಹಾಕಿ ಅಂದೆ. ಹಾಗೆ ಹಾಕಿದಾಗ ಮೊತ್ತ 35 ಲಕ್ಷ ದಾಟಿತು. ಆದರೂ ಇಲ್ಲಿನ ಪ್ರೈವೇಟ್ ಕೋಟಾಗಿಂತ ಕಮ್ಮಿಯೇ, ಆ ಮಾತು ನಿಜ. ಅದಕ್ಕೇ ಈ ದಾರಿಯನ್ನು ನಾನು ಸುಮ್ನೆ ಬೇಡ ಅನ್ನುವುದಿಲ್ಲ.

ಅಮ್ಮನ ಚಿಂತೆ ಬೇರೆ. 2022ರಲ್ಲಿ ಉಕ್ರೇನ್‌ನಿಂದ ಮಕ್ಕಳು ಓಡಿ ಬಂದದ್ದು, ನಮ್ಮ ಹಾವೇರಿ ಜಿಲ್ಲೆಯ ಹುಡುಗ ಖಾರ್ಕಿವ್‌ನಲ್ಲಿ ತೀರಿಕೊಂಡದ್ದು ಅವರ ಕಣ್ಣ ಮುಂದಿತ್ತು. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲೇ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗೆ ಗುಂಪು ನುಗ್ಗಿತ್ತು. ಆ ಭಯ ಸುಳ್ಳಲ್ಲ. ಅದರ ಜೊತೆ, ಕೋರ್ಸ್ ಪೂರ್ತಿ ಒಂದೇ ಸಂಸ್ಥೆಯಲ್ಲಿ ಮುಗಿಸಬೇಕೆಂಬ ನಿಯಮ ಇರುವುದರಿಂದ ಮಧ್ಯೆ ಏನಾದರೂ ಆದರೆ ಬೇರೆ ಕಡೆ ಬದಲಾಯಿಸುವುದು ತುಂಬಾ ಕಷ್ಟ. "ಆಮೇಲೆ ಟ್ರಾನ್ಸ್‌ಫರ್ ಮಾಡಿಸಿಕೊಡ್ತೀವಿ" ಅನ್ನುವ ಏಜೆಂಟ್ ಮಾತನ್ನು ಯಾರೂ ನಂಬಬೇಡಿ.

ಇಷ್ಟಾದರೂ ಹುಡುಗಿ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಮಾತಾಡಿದೆ. "ಡಾಕ್ಟರ್ ಆಗೋಕೆ ಇಷ್ಟ ಇದೆಯಾ?" ಅಂದರೆ ತಕ್ಷಣ ಹೂಂ ಅಂದಳು. ಮತ್ತೆ ಯಾಕೆ ಇಷ್ಟು ಅವಸರ? ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಇನ್ನೊಂದ್ಸಲ ನೀಟ್ ಬರೆಯೋಕೆ ನನ್ನ ಕೈಲಿ ಆಗಲ್ಲ ಮೇಡಂ. ಹಾಲ್ ನೆನೆಸ್ಕೊಂಡ್ರೇ ಕೈ ಬೆವರುತ್ತೆ. ಅಲ್ಲಾದ್ರೆ ಪರೀಕ್ಷೆ ಇಲ್ಲದೆ ಸೀಟು ಸಿಗುತ್ತಲ್ಲ."

ಪ್ರಕರಣದ ಗಂಟು ಇಲ್ಲಿತ್ತು. ಅವಳಿಗೆ ಬಿಷ್ಕೆಕ್ ಒಂದು ಕಾಲೇಜಾಗಿ ಕಂಡಿರಲಿಲ್ಲ, ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ದಾರಿಯಾಗಿ ಕಂಡಿತ್ತು. ಆದರೆ ವಿದೇಶದ ದಾರಿಯಲ್ಲಿ ಪರೀಕ್ಷೆ ಇಲ್ಲದೆ ಹೋಗುವುದಿಲ್ಲ, ಕೊನೆಗೆ ಹೋಗಿ ಕೂತಿರುತ್ತದೆ. ಎಫ್‌ಎಂಜಿಇ ವರ್ಷಕ್ಕೆ ಎರಡು ಸಲ, ಒಂದೇ ದಿನ 300 ಪ್ರಶ್ನೆ, ಪಾಸಾಗಲು 150 ಬೇಕು. ಈಚಿನ ವರ್ಷಗಳಲ್ಲಿ ಪಾಸಾದವರು 100ಕ್ಕೆ ಹೆಚ್ಚುಕಮ್ಮಿ 10ರಿಂದ 30ರ ಒಳಗೇ ಇದ್ದಾರೆ. ಮನೆಯ ದುಡ್ಡೆಲ್ಲ ಖರ್ಚಾದ ಮೇಲೆ, 25ರ ವಯಸ್ಸಿನಲ್ಲಿ, ಇದೇ ಬೆವರುವ ಕೈ ಇಟ್ಟುಕೊಂಡು ಅದನ್ನು ಬರೆಯೋದು ಎಷ್ಟು ಕಷ್ಟ ಅಲ್ವಾ? ಇದನ್ನು ಹೆದರಿಸಲು ಹೇಳಲಿಲ್ಲ. ಅವಳು ಅತ್ತಳು, ಅಳಲಿ ಅಂತ ಬಿಟ್ಟೆ.

ಕೊಟ್ಟ ಸಲಹೆ ಹೀಗೆ. ಸದ್ಯಕ್ಕೆ ಯಾರಿಗೂ ಅಡ್ವಾನ್ಸ್ ಬೇಡ. ಇಲ್ಲಿನ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನ ಕೊನೇ ಸುತ್ತಿನವರೆಗೂ ಭಾಗವಹಿಸಿ. ಅಷ್ಟರೊಳಗೆ ಪರೀಕ್ಷೆಯ ಭಯದ ಮೇಲೆ ಕೆಲಸ ಮಾಡೋಣ. ಭಯ ಇಳಿದ ಮೇಲೂ ಹೋಗಬೇಕು ಅನ್ನಿಸಿದರೆ ಖಂಡಿತ ಹೋಗಲಿ.

ಭಯಕ್ಕೆ ಮಾಡಿದ್ದು ದೊಡ್ಡದೇನಲ್ಲ. ನನ್ನ ಕೋಣೆಯಲ್ಲೇ ಗಡಿಯಾರ ಇಟ್ಟು ಮೊದಲು 20 ಪ್ರಶ್ನೆ, ಆಮೇಲೆ 50, ಆಮೇಲೆ ಪೂರ್ತಿ ಪೇಪರ್. ತಲೆ ಖಾಲಿಯಾಗುವುದು ಮೊದಲ ಹತ್ತು ನಿಮಿಷ ಮಾತ್ರ ಅಂತ ಅವಳಿಗೇ ಗೊತ್ತಾಯಿತು. ಫಿಸಿಕ್ಸ್ ಬಿಟ್ಟು ಬಯಾಲಜಿಯಿಂದ ಶುರು ಮಾಡು, ಉಸಿರು ನಿಧಾನವಾಗಿ ಬಿಡು, ಬರದ ಪ್ರಶ್ನೆ ದಾಟಿ ಹೋಗು ಅಂದೆ. ವಾರ ಕಳೆದಂತೆ ಕೈ ಬೆವರುವುದು ಪೂರ್ತಿ ನಿಲ್ಲದಿದ್ದರೂ, ಬೆವರುತ್ತಿದ್ದರೂ ಬರೆಯಬಹುದು ಅನ್ನುವ ಧೈರ್ಯ ಬಂತು.

ಕೆಇಎಯಲ್ಲಿ ಸೀಟು ಸಿಗಲಿಲ್ಲ. ಹೋಗುತ್ತೇನೆ ಅಂತ ಈ ಸಲ ಅವಳೇ ಹೇಳಿದಳು. ಬೇರೆ ದೇಶದ 6 ವರ್ಷದ ಕೋರ್ಸ್ ನೋಡಿದರು. ನಿಯಮದ ಒಂದೊಂದು ಅಂಶಕ್ಕೂ ಉತ್ತರವನ್ನು ಏಜೆಂಟಿನಿಂದಲ್ಲ, ಕಾಲೇಜಿನ ಲೆಟರ್‌ಹೆಡ್‌ನಲ್ಲೇ ತರಿಸಿಕೊಳ್ಳಲು ಹೇಳಿದ್ದೆ. ಅಲ್ಲಿ ಓದುತ್ತಿರುವ ಕೊನೇ ವರ್ಷದ ಕನ್ನಡದ ಮಕ್ಕಳನ್ನು ತಾವೇ ಹುಡುಕಿ ಮಾತಾಡಿಸಿದರು, ಹುಡುಗಿ ಅವರಿಗೆ ಕೇಳಿದ ಮೊದಲ ಪ್ರಶ್ನೆ ನನಗೆ ತುಂಬಾ ಹಿಡಿಸಿತು: "ವಾರ್ಡ್‌ನಲ್ಲಿ ರೋಗಿ ಹತ್ರ ಯಾವ ಭಾಷೇಲಿ ಮಾತಾಡ್ತೀರಾ?" ಪಾಠ ಇಂಗ್ಲಿಷಿನಲ್ಲಿದ್ದರೂ ರೋಗಿ ಮಾತಾಡುವುದು ಅಲ್ಲಿಯ ಭಾಷೆ, ಅದನ್ನು ಮೊದಲ ವರ್ಷದಿಂದಲೇ ಕಲಿಯದಿದ್ದರೆ ಆಸ್ಪತ್ರೆಯಲ್ಲಿ ಗೋಡೆಗೆ ಒರಗಿ ನಿಂತು ಬರಬೇಕಾಗುತ್ತದೆ.

ಸೈಟು ಮಾರಲಿಲ್ಲ, ಅಡ ಇಟ್ಟು ಬ್ಯಾಂಕ್ ಸಾಲ ತೆಗೆದರು. ಫೀಸ್ ನೇರ ಯೂನಿವರ್ಸಿಟಿ ಖಾತೆಗೆ ಹೋಗುತ್ತದೆ. ಈಗ ಅವಳು ಎರಡನೇ ವರ್ಷ. ಅಲ್ಲಿನ ಪಾಠದ ಜೊತೆ ಇಲ್ಲಿನ ಎಂಬಿಬಿಎಸ್ ಪುಸ್ತಕಗಳನ್ನೂ ಓದುತ್ತಾಳೆ, ವಾರದ ಕೊನೆಯಲ್ಲಿ ಎಫ್‌ಎಂಜಿಇ ಮಾದರಿಯ ಪ್ರಶ್ನೆಗಳನ್ನು ಗಡಿಯಾರ ಇಟ್ಟು ಬಿಡಿಸುತ್ತಾಳೆ. ಪರೀಕ್ಷೆ ಹತ್ತಿರ ಬಂದಾಗ ನನ್ನ ಜೊತೆ ಆನ್‌ಲೈನಿನಲ್ಲಿ ಕೂರುತ್ತಾಳೆ, ಎಫ್‌ಎಂಜಿಇ ಮುಗಿಯುವವರೆಗೂ ಅದನ್ನು ಬಿಡಬೇಡ ಅಂದಿದ್ದೇನೆ.